ಸಬ್ಸಿಡಿ ಸಿಗ್ತದೆ ಅಂತ ಮನೆ ತಗೊಳ್ಬೇಡಿ ಮಾರಾಯ್ರೆ

ಈಗೀಗ ನಮ್ಮ ಬಳಗದಲ್ಲಿ ಯಾರು ಫೋನ್ ಮಾಡಿದ್ರೂ ಮನೆ ವಿಷಯವೇ. ಒಬ್ಬ ಕಾರವಾರದಲ್ಲಿ ಫ್ಲ್ಯಾಟ್ ನೋಡ್ತಿದ್ದಾನೆ, ಇನ್ನೊಬ್ಬಳಿಗೆ ಶಿರಸಿಯಲ್ಲಿ ಸೈಟು ಬೇಕು, ಮತ್ತೊಬ್ಬರಿಗೆ ಕುಮಟಾ ಕಡೆ ಹಳೇ ಮನೆ ಆದ್ರೂ ಅಡ್ಡಿಲ್ಲ. ಇವರಿಗೆಲ್ಲ ಬ್ಯಾಂಕಿನ ಏಜೆಂಟೋ ಬಿಲ್ಡರ್ ಕಡೆ ಹುಡುಗನೋ ಹೇಳಿರೋದು ಒಂದೇ ಮಾತು: ಮೊದಲ ಮನೆ ಅಲ್ವಾ ಸರ್, ಸಬ್ಸಿಡಿ ಬರ್ತದೆ, ಟ್ಯಾಕ್ಸೂ ಉಳಿತದೆ. ಸುಳ್ಳು ಅಂತಲ್ಲ, ಆದ್ರೆ ಆ ಮಾತಿನ ಮೇಲೆ ಇಪ್ಪತ್ತು ವರ್ಷದ ಸಾಲ ಹೊತ್ಕೊಳ್ಳೋವಷ್ಟು ದೊಡ್ಡ ದುಡ್ಡೇನಲ್ಲ ಅದು. ನನ್ನ ಚಿಕ್ಕಪ್ಪನ ಮಗನಿಗೆ ಕೂತು ಲೆಕ್ಕ ಹಾಕಿ ಕೊಟ್ಟಿದ್ದೆ, ಅದನ್ನೇ ಇಲ್ಲಿ ಹಾಕ್ತಿದ್ದೇನೆ, ಇನ್ನು ಕೇಳಿದವರಿಗೆ ಲಿಂಕ್ ಕಳಿಸಿದ್ರೆ ಆಯ್ತು.

ಈಗ ಚಾಲ್ತಿಯಲ್ಲಿರೋದು ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0. ಹಿಂದೆ 2.67 ಲಕ್ಷ ಅಂತ ಎಲ್ಲರೂ ಹೇಳ್ತಿದ್ರಲ್ಲ, ಅದು ಹಳೇ ಯೋಜನೆ, 2022ರ ಮಾರ್ಚಿಗೇ ಮುಗೀತು. ಹೊಸದರಲ್ಲಿ ಕುಟುಂಬದ ವರ್ಷದ ಆದಾಯ 9 ಲಕ್ಷ ದಾಟಬಾರ್ದು, ಮನೆ ಬೆಲೆ 35 ಲಕ್ಷದ ಒಳಗೆ, ಸಾಲ 25 ಲಕ್ಷದ ಒಳಗೆ, ಮನೆ ಕಾರ್ಪೆಟ್ ಏರಿಯಾ (ಹೊರಗೋಡೆ ಬಿಟ್ಟು ಒಳಗಿನ ನೆಲ) 120 ಚದರ ಮೀಟರ್ ಒಳಗೆ ಇರ್ಬೇಕು, ಸಾಲ 2024ರ ಸೆಪ್ಟೆಂಬರ್ 1 ಆದ್ಮೇಲೆ ಮಂಜೂರಾಗಿರ್ಬೇಕು. ಸಾಲದ ಮೊದಲ 8 ಲಕ್ಷಕ್ಕೆ ಮಾತ್ರ 4 ಪರ್ಸೆಂಟ್ ಬಡ್ಡಿ ಸಬ್ಸಿಡಿ, ಅದೂ 12 ವರ್ಷದ ಅವಧಿಗೆ ಲೆಕ್ಕ. ಎಲ್ಲ ಸೇರಿ ಜಾಸ್ತಿ ಅಂದ್ರೆ 1.80 ಲಕ್ಷ, ಅದೂ ಒಂದೇ ಸಲ ಅಲ್ಲ, ಐದು ವರ್ಷದ ಕಂತಲ್ಲಿ ಸಾಲದ ಖಾತೆಗೆ ಬಂದು ಬೀಳ್ತದೆ. ಇದರಲ್ಲಿ ಯಾರೂ ಹೇಳದ ಒಂದು ಕಂಡೀಷನ್ ಇದೆ, ಕಂತು ಬರೋ ಹೊತ್ತಿಗೆ ಸಾಲ ಚಾಲ್ತಿಯಲ್ಲಿದ್ದು ಅಸಲಿನ ಅರ್ಧಕ್ಕಿಂತ ಜಾಸ್ತಿ ಬಾಕಿ ಇರ್ಬೇಕು. ಅಡಿಕೆಗೆ ರೇಟು ಬಂತು ಅಂತ ಅಪ್ಪ ಒಟ್ಟಿಗೆ ದುಡ್ಡು ಕೊಟ್ಟು ಸಾಲದ ಮುಕ್ಕಾಲು ಪಾಲು ತೀರಿಸಿಬಿಟ್ರೆ ಉಳಿದ ಕಂತು ಹೋಯ್ತು.

ಈಗ ತಮ್ಮನ ಲೆಕ್ಕ. ಹೊಸ ಫ್ಲ್ಯಾಟು, 34 ಲಕ್ಷ. ಕರ್ನಾಟಕದಲ್ಲಿ 45 ಲಕ್ಷದೊಳಗಿನ ಫ್ಲ್ಯಾಟು ಮೊದಲ ಸಲ ರಿಜಿಸ್ಟರ್ ಆಗುವಾಗ ಮುದ್ರಾಂಕ ಶುಲ್ಕ 5ರ ಬದಲು 3 ಪರ್ಸೆಂಟ್, 20 ಲಕ್ಷದೊಳಗಿದ್ರೆ 2. ಅದರ ಮೇಲೆ ಸೆಸ್ಸು ಸರ್‌ಚಾರ್ಜು ಸೇರಿ ಪೇಟೆಯಲ್ಲಿ 3.36 ಆಗ್ತದೆ. ನೋಂದಣಿ ಶುಲ್ಕ ಮೊದ್ಲು 1 ಪರ್ಸೆಂಟ್ ಇದ್ದದ್ದು 2025ರ ಆಗಸ್ಟ್ 31ರಿಂದ 2 ಆಗಿದೆ. ಒಟ್ಟು 5.36 ಪರ್ಸೆಂಟ್, 34 ಲಕ್ಷಕ್ಕೆ 1,82,240 ರೂಪಾಯಿ. ಸಬ್ಸಿಡಿ ಎಷ್ಟು? 1,80,000.

"ಹಂಗಾರೆ ಅಣ್ಣಾ, ಸರ್ಕಾರ ಕೊಟ್ಟಿದ್ದೆಂತ?" ಅಂದ.

"ನೀ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಒಂದೇ ದಿನ ಕಟ್ಟಿದ್ದನ್ನ ಐದು ವರ್ಷ ತಗೊಂಡು ವಾಪಸ್ ಕೊಡ್ತದೆ, ಅಷ್ಟೇ ಮಾರಾಯ."

ಅದೇ 34 ಲಕ್ಷಕ್ಕೆ ಹಳೇ ಮನೆ ತಗೊಂಡ್ರೆ ಆ ರಿಯಾಯ್ತಿನೂ ಇಲ್ಲ, ಪೂರ್ತಿ 7.6 ಪರ್ಸೆಂಟ್, ಅಂದ್ರೆ 2,58,400. ಕೆಲವು ರಾಜ್ಯದಲ್ಲಿ ಹೆಂಗಸರ ಹೆಸರಿಗೆ ಮಾಡಿದ್ರೆ ಮುದ್ರಾಂಕ ಶುಲ್ಕ ಕಮ್ಮಿ, ನಮ್ಮಲ್ಲಿ ಹಾಗೇನಿಲ್ಲ. ಆವಾಸ್ ಯೋಜನೆಯಲ್ಲಿ ಮಾತ್ರ ಹೆಂಡತಿ ಹೆಸರು, ಇಲ್ಲಾ ಇಬ್ಬರದ್ದೂ ಸೇರಿಸಿ ಜಂಟಿಯಾಗಿ ಮಾಡೋದಕ್ಕೆ ಆದ್ಯತೆ. ಇನ್ನು ಕಟ್ತಾ ಇರೋ ಫ್ಲ್ಯಾಟಿಗೆ ಜಿಎಸ್‌ಟಿ ಬೇರೆ ಇದೆ, 45 ಲಕ್ಷದೊಳಗೆ ಮತ್ತೆ 90 ಚದರ ಮೀಟರ್ ಕಾರ್ಪೆಟ್ ಒಳಗೆ ಇದ್ರೆ 1 ಪರ್ಸೆಂಟ್, ಇಲ್ದಿದ್ರೆ 5. ಕಂಪ್ಲೀಷನ್ ಸರ್ಟಿಫಿಕೇಟ್ ಬಂದಮೇಲೆ ತಗೊಂಡ್ರೆ ಅದಿಲ್ಲ.

ಸಬ್ಸಿಡಿಗೆ ನಮ್ಮ ಕಡೆಯವರು ಎಡವೋದು ಆದಾಯದಲ್ಲಲ್ಲ, ಊರ ಮನೆಯಲ್ಲಿ. ದೇಶದಲ್ಲಿ ಎಲ್ಲೂ ಕುಟುಂಬದವರ ಹೆಸರಲ್ಲಿ ಪಕ್ಕಾ ಮನೆ ಇರಬಾರ್ದು ಅಂತ ನಿಯಮ. ಕುಟುಂಬ ಅಂದ್ರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಹಾಗಾಗಿ ಮದುವೆಯಾದ ಮಗನಿಗೆ ಅಪ್ಪನ ಹೆಸರಿನ ಮನೆ ಅಡ್ಡ ಬರೋದಿಲ್ಲ. ಆದ್ರೆ ಅಜ್ಜ ತೀರಿಕೊಂಡಮೇಲೆ ಪಂಚಾಯ್ತಿ ಉತಾರದಲ್ಲಿ, ಅಂದ್ರೆ ಆಸ್ತಿ ದಾಖಲೆಯಲ್ಲಿ, ಮೊಮ್ಮಕ್ಕಳದ್ದೆಲ್ಲ ಸೇರಿಸಿ ಏಳೆಂಟು ಹೆಸರು ಹಾಕಿಸಿರ್ತಾರೆ, ಅದರಲ್ಲಿ ನಿಮ್ಮದೂ ಇರ್ತದೆ, ನಿಮಗೇ ಗೊತ್ತಿರೋದಿಲ್ಲ. ಅರ್ಜಿ ಹಾಕೋಕೆ ಮೊದ್ಲು ಒಮ್ಮೆ ಊರಿಗೆ ಹೋಗಿ ಉತಾರ ತೆಗೆಸಿ ನೋಡಿ. ಹಿಂದಿನ 20 ವರ್ಷದಲ್ಲಿ ಸರ್ಕಾರದ ಬೇರೆ ಯಾವುದಾದ್ರೂ ವಸತಿ ಯೋಜನೆಯಲ್ಲಿ ಮನೆ ಆಗಿದ್ರೂ ಸಿಗೋದಿಲ್ಲ. ಮತ್ತೆ ಇದು ನಗರದ ಯೋಜನೆ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯ್ತಿ ಒಳಗಿನ ಜಾಗ ಆಗ್ಬೇಕು, ಇಲ್ಲಾ ಯೋಜನಾ ಪ್ರಾಧಿಕಾರದ ಗಡಿಯೊಳಗೆ ಬರ್ಬೇಕು. ಶಿರಸಿ ಪೇಟೆಯಿಂದ ಐದು ನಿಮಿಷ ಅಂತ ಸೈಟು ತೋರಿಸ್ತಾರಲ್ಲ, ಅದು ಯಾವ ಗಡಿಯಲ್ಲಿದೆ ಅಂತ ಮೊದ್ಲೇ ಕೇಳ್ಕೊಳ್ಳಿ.

ಟ್ಯಾಕ್ಸ್ ವಿಷಯ ಬೇಗ ಮುಗಿಸ್ತೇನೆ. ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ, ಅಸಲಿಗೆ 80ಸಿ ಒಳಗೆ ಒಂದೂವರೆ ಲಕ್ಷದವರೆಗೆ ವಿನಾಯ್ತಿ ಅಂತ ಎಲ್ಲ ಕಡೆ ಬರೆದಿರ್ತದೆ. ಅದು ಹಳೇ ತೆರಿಗೆ ಪದ್ಧತಿಯವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿ ಎರಡೂ ಇಲ್ಲ. ಆದ್ರೆ 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಆದಾಯಕ್ಕೆ ತೆರಿಗೆನೇ ಬರೋದಿಲ್ಲ, ಸಂಬಳದವರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷ. ಅಂದ್ಮೇಲೆ 9 ಲಕ್ಷದೊಳಗಿನ ಸಂಬಳದವನಿಗೆ, ಅಂದ್ರೆ ಸಬ್ಸಿಡಿ ಸಿಗೋವನಿಗೆ, ಸಾಲ ಮಾಡಿ ಉಳಿಸೋದಕ್ಕೆ ಟ್ಯಾಕ್ಸಾದ್ರೂ ಎಲ್ಲಿದೆ? 80ಇಇಎ ಅಂತ ಇನ್ನೂ ಒಂದೂವರೆ ಲಕ್ಷ ಇದೆ ಸರ್ ಅಂತ ಯಾರಾದ್ರೂ ಈಗ್ಲೂ ಹೇಳಿದ್ರೆ, ಅದು 2022ರ ಮಾರ್ಚ್ 31ರೊಳಗೆ ಸಾಲ ಮಂಜೂರಾದವರಿಗೆ ಅಂತ ಹೇಳಿ ಚಾ ಕುಡಿಸಿ ಕಳಿಸಿ.

ನಮ್ಮ ಜಿಲ್ಲೆಯಲ್ಲಿ ದುಡ್ಡು ಉಳಿಯೋದು ಹೋಗೋದು ಎರಡೂ ಕಾಗದಪತ್ರದಲ್ಲಿ. ಇಲ್ಲಿ ಅರಣ್ಯವೇ ಜಾಸ್ತಿ, ಸ್ವಂತ ಮಾಲ್ಕಿ ಜಾಗ ಕಮ್ಮಿ, ಹಾಗಾಗಿ ಮನೆ ಕಣ್ಣಿಗೆ ಎಷ್ಟು ಚಂದ ಇದ್ರೂ ಜಾಗ ಎಂತದ್ದು ಅಂತ ನೋಡದೆ ಒಂದು ರೂಪಾಯಿ ಮುಂಗಡ ಕೊಡ್ಬೇಡಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ತೋಟಕ್ಕೆ ಸೇರಿದ ಬೆಟ್ಟ ಇರ್ತದೆ, ಅದು ಸೊಪ್ಪು ದರಕು ತಗೊಳ್ಳೋ ಹಕ್ಕು ಅಷ್ಟೇ, ಜಾಗ ಅರಣ್ಯದ್ದು. ಅದರ ಅಂಚಲ್ಲಿ ಕಟ್ಟಿದ ಮನೆಗೆ ಕರೆಂಟು, ನಲ್ಲಿ, ಮನೆ ನಂಬರ್ ಎಲ್ಲ ಇರಬಹುದು, ಬ್ಯಾಂಕಿನ ವಕೀಲರು ಮಾತ್ರ ಒಪ್ಪೋದಿಲ್ಲ. ಅತಿಕ್ರಮಣ ಜಾಗಕ್ಕೆ "ಅರ್ಜಿ ಹಾಕಿದ್ದೇವೆ, ಇವತ್ತಲ್ಲ ನಾಳೆ ಪಟ್ಟಾ ಬರ್ತದೆ" ಅನ್ನೋರ ಮಾತು ನಂಬಿ ಸಾಲ ಮಾಡಿ ತಗೊಳ್ಳೋದಂತೂ ಬೇಡವೇ ಬೇಡ. ಸರ್ಕಾರದಿಂದ ಮಂಜೂರಾದ ಜಾಗ ಆದ್ರೆ, ಪುನರ್ವಸತಿ ಸೈಟು ಇರ್ಲಿ ಬೇರೆ ಇರ್ಲಿ, ಮಂಜೂರಿ ಆದೇಶದಲ್ಲಿ ಪರಭಾರೆ (ಬೇರೆಯವರಿಗೆ ವರ್ಗ) ಮಾಡೋ ಬಗ್ಗೆ ಎಂತ ಷರತ್ತು ಬರೆದಿದ್ದಾರೆ ಓದಿ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಸರ್ಕಾರದ ಅನುಮತಿ ಇಲ್ದೆ ಮಾರೋ ಹಾಗೇ ಇಲ್ಲ, 1978ರ ಕಾಯ್ದೆ ಇದೆ ಅದಕ್ಕೆ.

ಪಂಚಾಯ್ತಿ ಜಾಗಕ್ಕೆ ಇ-ಸ್ವತ್ತು ದಾಖಲೆ ಕೇಳಿ, ಫಾರ್ಮ್ 9 ಮತ್ತೆ 11ಎ. 11ಬಿ ಕೊಟ್ರೆ ಅದು ಬೇರೆ ಕಥೆ, ಸಾಮಾನ್ಯವಾಗಿ ಬ್ಯಾಂಕು ಅದಕ್ಕೆ ಸಾಲ ಕೊಡೋದಿಲ್ಲ. ಪೇಟೆಯಲ್ಲಾದ್ರೆ ಇ-ಖಾತಾ, ಅದಿಲ್ದೆ ಈಗ ರಿಜಿಸ್ಟ್ರೇಷನ್ನೇ ಆಗೋದಿಲ್ಲ. ಗದ್ದೆಯನ್ನ ಮಣ್ಣು ತುಂಬಿಸಿ ಸೈಟು ಮಾಡಿದ್ದಾದ್ರೆ ಬಿನ್‌ಶೇತ್ಕಿ (ಕೃಷಿ ಜಮೀನನ್ನ ಬೇರೆ ಬಳಕೆಗೆ ಬದಲಾಯಿಸಿದ) ಆದೇಶದ ಪ್ರತಿ ಕೇಳಿ, ವಸತಿಗೆ ಆಗಿದ್ಯೋ ಬೇರೆ ಯಾವುದಕ್ಕಾದ್ರೂ ಆಗಿದ್ಯೋ ನೋಡಿ. ಋಣಭಾರ ಪತ್ರ (ಇಸಿ, ಆಸ್ತಿ ಮೇಲಿನ ಸಾಲ, ವ್ಯವಹಾರ ತೋರಿಸೋದು) ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಲ್ಲಿ 2004ರಿಂದ ಈಚೆಗಿನದು ಮನೇಲೇ ಕೂತು ತೆಗೀಬಹುದು, ಅದರ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೇ ಹೋಗ್ಬೇಕು, ಬ್ಯಾಂಕಿನವರು ಸಾಮಾನ್ಯವಾಗಿ 30 ವರ್ಷದ್ದು ಕೇಳ್ತಾರೆ. ಕರಾವಳಿಯಲ್ಲಾದ್ರೆ ಸಿಆರ್‌ಝಡ್, ಅಂದ್ರೆ ಕರಾವಳಿ ನಿಯಂತ್ರಣ ವಲಯದ ನಿಯಮ ಕೂಡ ಇದೆ. ಸಮುದ್ರದ ದಂಡೆಗೆ ಮಾತ್ರ ಅಂತ ತಿಳ್ಕೊಂಡಿರ್ತಾರೆ, ಹಾಗಲ್ಲ, ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಎಲ್ಲೆಲ್ಲಿ ಉಪ್ಪುನೀರು ಏರ್ತದೋ ಅಲ್ಲಿ ಹೊಳೆ ದಂಡೆಗೂ ಲಾಗೂ. ಇದ್ದ ಮನೆ ತಗೊಂಡು ಮುಂದೆ ಮೇಲೊಂದು ಮಹಡಿ ಎತ್ತೋ ಆಸೆ ಇದ್ರೆ ಇದನ್ನ ಮೊದ್ಲೇ ವಿಚಾರಿಸಿ.

ಇದೆಲ್ಲ ಸರಿ ಇದ್ರೂ ವಾಟ್ನಿ, ಅಂದ್ರೆ ಆಸ್ತಿ ಪಾಲು, ಒಂದು ಉಳ್ಕೊಂಡಿರ್ತದೆ. ಕುಮಟಾ ಕಡೆ ಒಂದು ಮನೆ ನೋಡೋಕೆ ನಾನೂ ಹೋಗಿದ್ದೆ, ಚಿರೇಕಲ್ಲಿನ ಗೋಡೆ, ಹಿಂದೆ ಬಾವಿ, ಎರಡು ತೆಂಗಿನ ಮರ, ರೇಟೂ ಪರವಾಗಿಲ್ಲ. ಮಾರೋರು ಅಣ್ಣ-ತಮ್ಮ ಇಬ್ಬರು. ತಂಗಿ ಇದ್ದಾರಾ ಅಂತ ಕೇಳಿದ್ದಕ್ಕೆ "ಇದ್ದಾಳೆ, ಮದುವೆಯಾಗಿ ಮುಂಬೈಲಿದ್ದಾಳೆ, ಅವಳದ್ದೆಂತ ತಕರಾರಿಲ್ಲ" ಅಂದ್ರು. ತಕರಾರಿಲ್ಲ ಅಂದ್ರೆ ಸಹಿ ಹಾಕೋಕೂ ತಕರಾರಿರಬಾರ್ದಲ್ಲ, ಒಂದೋ ಕ್ರಯಪತ್ರಕ್ಕೆ ಅವರೂ ಸಹಿ ಹಾಕ್ಲಿ, ಇಲ್ಲಾ ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಮಾಡಿಸ್ಲಿ ಅಂದೆ. ಅಲ್ಲಿಗೆ ಮಾತು ತಣ್ಣಗಾಯ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ 2005ರಲ್ಲೇ ಕಾನೂನು ಆಗಿದೆ, ಅಪ್ಪ ಅದಕ್ಕೂ ಮೊದ್ಲೇ ತೀರಿಕೊಂಡಿದ್ರೂ ಆ ಹಕ್ಕು ಹೋಗೋದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹತ್ತು ವರ್ಷ ಬಿಟ್ಟು ಆ ತಂಗಿ ಮಕ್ಕಳು ಕೇಸ್ ಹಾಕಿದ್ರೆ ಕೋರ್ಟಿಗೆ ಓಡಾಡೋದು ತಗೊಂಡವರು. ಮನೆಯ ಹೆಣ್ಣುಮಕ್ಕಳ ಹೆಸರನ್ನೇ ಲೆಕ್ಕಕ್ಕೆ ತಗೊಳ್ಳದೆ ವ್ಯವಹಾರ ಮಾಡೋರ ಹತ್ರ ನಾನಂತೂ ಆಸ್ತಿ ತಗೊಳ್ಳೋದಿಲ್ಲ, ಕಾನೂನು ಆಮೇಲಿನ ಮಾತು.

ಮನೆ ನೋಡೋಕೆ ಹೋಗೋದು ಮಳೆಗಾಲದಲ್ಲಿ, ಅದೂ ಆಷಾಢದಲ್ಲಿ. ಆಗ ನಮ್ಮ ಜನ ವ್ಯವಹಾರ ಮಾಡೋದಿಲ್ಲ, ಮಾರೋರಿಗೂ ಬೇರೆ ಗಿರಾಕಿ ಇರೋದಿಲ್ಲ, ರೇಟು ಮಾತಾಡೋಕೆ ಬರ್ತದೆ. ಬೇಸಿಗೆಯಲ್ಲಿ ಹೊಸ ಪೇಂಟ್ ಹೊಡೆದು ತೋರಿಸಿದ ಗೋಡೆ ಜುಲೈನಲ್ಲಿ ನಿಜ ಹೇಳ್ತದೆ. ಕಾರವಾರದ ಹಳೇ ಫ್ಲ್ಯಾಟುಗಳಲ್ಲಿ ಉಪ್ಪುಗಾಳಿಗೆ ಸ್ಲ್ಯಾಬಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿರ್ತದೆ, ಅಡುಗೆಮನೆ ಬಾತ್‌ರೂಮಿನ ಚಾವಣಿಗೆ ಛತ್ರಿ ಹಿಡಿಕೆಯಲ್ಲಿ ಮೆಲ್ಲಗೆ ಬಡಿದು ನೋಡಿ, ಟೊಳ್ಳು ಶಬ್ದ ಬಂದ್ರೆ ಪ್ಲಾಸ್ಟರ್ ಬಿಟ್ಟಿದೆ ಅಂತ. ಕೆಲವೊಮ್ಮೆ ತುಕ್ಕಿನ ಕೆಂಪು ಗೆರೆ ಕಂಬಿ ಹೋದಲ್ಲೇ ಚೌಕ ಚೌಕ ಮೂಡಿರ್ತದೆ. ಬಾವಿ ಇದ್ರೆ ಅದಕ್ಕೆ ಮಾತ್ರ ಉಲ್ಟಾ, ಏಪ್ರಿಲ್ ಮೇ ತಿಂಗಳಲ್ಲಿ ನೀರು ಬಾಯಿಗೆ ಹಾಕಿ ನೋಡ್ಬೇಕು, ಮಳೆಗಾಲದಲ್ಲಿ ಎಲ್ಲ ಬಾವಿ ನೀರೂ ಸಿಹಿಯೇ. ಮನೆ ಹಿಂದೆ ಗುಡ್ಡ ಕಡಿದಿದ್ರೆ ಎಷ್ಟು ನೆಟ್ಟಗೆ ಕಡಿದಿದ್ದಾರೆ ನೋಡಿ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದಿದ್ದು ನೋಡಿದವರಿಗೆ ಇದನ್ನ ಬಿಡಿಸಿ ಹೇಳೋದು ಬೇಡ.

ಸಾಲದ ಬಗ್ಗೆ. 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ 90 ಪರ್ಸೆಂಟ್‌ವರೆಗೆ ಕೊಡಬಹುದು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ, ಆದ್ರೆ ಆ ಬೆಲೆ ಬ್ಯಾಂಕಿನ ವ್ಯಾಲ್ಯುಯರ್ ಹಾಕಿದ ಬೆಲೆ, ನೀವು ಮಾತಾಡ್ಕೊಂಡಿದ್ದಲ್ಲ, ಮತ್ತೆ ರಿಜಿಸ್ಟ್ರೇಷನ್ ಖರ್ಚು ಅದರಲ್ಲಿ ಸೇರೋದಿಲ್ಲ. 34 ಲಕ್ಷದ ಫ್ಲ್ಯಾಟಿಗೆ 25 ಲಕ್ಷ ಸಾಲ ಅಂದ್ರೆ ಕೈಯಿಂದ 9 ಲಕ್ಷ ಅಲ್ಲ, ರಿಜಿಸ್ಟ್ರೇಷನ್ನು, ಪ್ರೊಸೆಸಿಂಗು, ವಕೀಲರು, ಗ್ರಿಲ್ಲು, ಫ್ಯಾನು ಎಲ್ಲ ಸೇರಿ ಹನ್ನೆರಡರ ಹತ್ರ ಇಟ್ಕೊಂಡಿರ್ಬೇಕು. 25 ಲಕ್ಷಕ್ಕೆ 8 ಪರ್ಸೆಂಟ್ ಬಡ್ಡಿಯಲ್ಲಿ 20 ವರ್ಷಕ್ಕೆ ಇಎಂಐ 20,911. ಮೊದಲ ತಿಂಗಳು ಅದರಲ್ಲಿ 16,667 ಬಡ್ಡಿಗೇ ಹೋಗಿ ಅಸಲಿಗೆ ಸೇರೋದು 4,244. ವರ್ಷಕ್ಕೆ ಒಂದು ಇಎಂಐ ಹೆಚ್ಚಿಗೆ ಕಟ್ತಾ ಹೋದ್ರೆ ಮೂರು ವರ್ಷಕ್ಕಿಂತ ಜಾಸ್ತಿ ಉಳಿತದೆ. ಫ್ಲೋಟಿಂಗ್ (ಏರಿಳಿಯೋ) ಬಡ್ಡಿಯ ಮನೆಸಾಲಕ್ಕೆ ಮೊದಲೇ ಕಟ್ಟಿದ್ರೆ ದಂಡ ಹಾಕೋ ಹಾಗಿಲ್ಲ. ರೆಪೋ ದರ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡೋ ಬಡ್ಡಿ) 2025ರಲ್ಲಿ 6.5ರಿಂದ 5.25ಕ್ಕೆ ಇಳಿದಿದೆ, ಹಳೇ ಸಾಲದವರು ತಮ್ಮದು ಇಳಿದಿದ್ಯಾ ಅಂತ ಬ್ಯಾಂಕಿಗೆ ಹೋಗಿ ಕೇಳಿ, ಕೇಳದೆ ಯಾರೂ ಹೇಳೋದಿಲ್ಲ. ಸಾಲದ ಜೊತೆ ಇನ್ಶೂರೆನ್ಸ್ ತಗೊಳ್ಳೇಬೇಕು ಅಂತ ಅಲ್ಲೇ ಸಹಿ ಮಾಡಿಸೋಕೆ ನೋಡ್ತಾರೆ, ಅವರು ಹೇಳಿದ ಕಂಪನಿದೇ ಆಗ್ಬೇಕು ಅಂತೇನಿಲ್ಲ, ಹೊರಗೆ ಟರ್ಮ್ ಪಾಲಿಸಿ ರೇಟು ಕೇಳಿ ನೋಡಿ ಆಮೇಲೆ ಹೇಳ್ತೇನೆ ಅನ್ನಿ.

"ಅರ್ಧ ವೈಟು ಅರ್ಧ ಬ್ಲ್ಯಾಕು" ಮಾತು ಬಂದೇ ಬರ್ತದೆ. ಸ್ಟಾಂಪ್ ಖರ್ಚು ಕಮ್ಮಿ ಆಗ್ತದೆ ಅಂತ ಆಸೆ ತೋರಿಸ್ತಾರೆ. ಪತ್ರದಲ್ಲಿ ಬೆಲೆ ಕಮ್ಮಿ ಬರೆಸಿದ್ರೆ ಸಾಲವೂ ಕಮ್ಮಿ, ಮುಂದೆ ನೀವು ಮಾರುವಾಗ ಲಾಭ ಜಾಸ್ತಿ ಅಂತ ತೆರಿಗೆ ನಿಮ್ಮ ಮೇಲೆ. ಆಸ್ತಿ ಮುಂಗಡ 20,000 ಅಥವಾ ಅದಕ್ಕಿಂತ ಜಾಸ್ತಿ ನಗದಲ್ಲಿ ತಗೊಳ್ಳೋ ಹಾಗೇ ಇಲ್ಲ ಅಂತ ಕಾನೂನು ಇದೆ. ಚೆಕ್ಕಲ್ಲೇ ಕೊಡಿ, ಕರಾರುಪತ್ರದಲ್ಲಿ ಬ್ಯಾಂಕ್ ಸಾಲ ಆಗದಿದ್ರೆ ಮುಂಗಡ ವಾಪಸ್ ಅಂತ ಒಂದು ಸಾಲು ಬರೆಸಿ. ಮಾರೋರು ಇದಕ್ಕೆ ಮುಖ ಗಂಟು ಹಾಕಿದ್ರೆ ಅವರಿಗೆ ತಮ್ಮ ಕಾಗದದ ಮೇಲೆ ತಮಗೇ ನಂಬಿಕೆ ಇಲ್ಲ ಅಂತ ಅರ್ಥ.

ರಿಜಿಸ್ಟರ್ ಆದ ದಿನ ಪೇಡೆ ಹಂಚಿ ಸುಮ್ಮನಾಗಿಬಿಡ್ತಾರೆ. ಖಾತೆ ನಿಮ್ಮ ಹೆಸರಿಗೆ ಆಗಿದ್ಯಾ ನೋಡಿ, ಹಳೇ ಮನೆ ಕರ ಬಾಕಿ ಇದ್ರೆ ಮಾರಿದವರಿಂದಲೇ ಕಟ್ಟಿಸಿ, ಹೆಸ್ಕಾಂ ಮೀಟರೂ ನೀರಿನ ಕನೆಕ್ಷನ್ನೂ ಅದೇ ತಿಂಗಳು ಹೆಸರು ಬದಲಾಯಿಸಿ, ಆಗ ಅವರಿಗೂ ಬಂದು ಸಹಿ ಹಾಕೋ ಉತ್ಸಾಹ ಇರ್ತದೆ. ಆವಾಸ್ ಸಬ್ಸಿಡಿಗೆ ಅರ್ಹರು ಅನ್ನಿಸಿದ್ರೆ ಯೋಜನೆಯ ಪೋರ್ಟಲಲ್ಲಿ ಅರ್ಜಿ ಹಾಕಿ, ಸಾಲ ತಗೊಳ್ಳೋ ಬ್ಯಾಂಕಲ್ಲಿ ಈ ಸ್ಕೀಮ್ ಇದ್ಯಾ ಅಂತ ಮಂಜೂರಾತಿಗೆ ಮೊದ್ಲೇ ಕೇಳಿ. ತಮ್ಮ ಹಾಕಿದ್ದಾನೆ. ಬಂದ್ರೆ ಬರ್ಲಿ ಅಂತ, ಲೆಕ್ಕದಲ್ಲಿ ಅದನ್ನ ಸೇರಿಸಿಲ್ಲ.