ಹಲೋ, ಯಾರು ಮಾತಾಡ್ತಿರೋದು?

ಕಾಲರ್ ಐಡಿ ಇಲ್ಲದ ಕಾಲದಲ್ಲಿ ಲ್ಯಾಂಡ್‌ಲೈನ್ ಇದ್ದ ಮನೆಯವರ ಪಾಡು ಕೇಳಬೇಡಿ. ಒಂದು ರೂಪಾಯಿ ಕಾಯಿನ್ ಬೂತಿಂದ ಯಾವನೋ ಪಡ್ಡೆ ಹುಡುಗ ಗಂಟಲು ದಪ್ಪ ಮಾಡ್ಕೊಂಡು, "ಟೆಲಿಫೋನ್ ಎಕ್ಸ್‌ಚೇಂಜಿಂದ. ಲೈನಲ್ಲಿ ಧೂಳು ಸೇರಿದೆ, ಊದಿ ಕ್ಲೀನ್ ಮಾಡ್ತೀವಿ, ರಿಸೀವರ್‌ಗೆ ಬಟ್ಟೆ ಸುತ್ತಿ" ಅಂದ. ನಮ್ಮ ದೊಡ್ಡಮ್ಮ ಹೊಸ ಟವೆಲ್ ಸುತ್ತುತ್ತಲೇ, "ಕಾಫಿ ಆಯ್ತೇನಪ್ಪಾ? ಪಾಪ, ನಿಮಗೂ ಎಷ್ಟು ಕೆಲಸ" ಅಂತ ವಿಚಾರಿಸ್ಕೊಂಡರು. ಅಷ್ಟರಲ್ಲಿ ಬೀಪ್ ಬೀಪ್, ಅವನ ಕಾಸು ಖಾಲಿ!

ಈಗ "ಬ್ಯಾಂಕಿಂದ, ಸ್ಟೇಷನ್ನಿಂದ" ಅಂತ ಅದೇ ಗತ್ತಲ್ಲಿ ಫೋನ್ ಬರುತ್ತೆ, ಕೇಳೋದು ಮಾತ್ರ ಓಟಿಪಿ. ದುಡ್ಡು ಹೋದ್ರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡ್ಬೇಕಂತೆ. ಅದಕ್ಕೇ ಗೊತ್ತಿಲ್ಲದ ನಂಬರ್ ಎತ್ತಿದ್ರೂ ನಾನು ತುಟಿ ಬಿಚ್ಚಲ್ಲ. ಮೊನ್ನೆ ಆ ಕಡೆಯವರೂ ಬಿಚ್ಚಲಿಲ್ಲ. ಸುಮಾರು ಹೊತ್ತಾದ ಮೇಲೆ ಕೆಮ್ಮಿ, "ಮೇಡಂ, ಸಿಲಿಂಡರ್... ಗೇಟ್ ಹತ್ರ ಇದೀನಿ" ಅಂದ.