‘ಪ್ರೆಸೆನ್ಸ್’ ಆಲ್ಬಂಗೆ ಈಗ ಕಾಲ ಬಂದಿದೆ

ಬ್ರಿಟಿಷ್ ರಾಕ್ ಬ್ಯಾಂಡ್ ಲೆಡ್ ಜೆಪ್ಪೆಲಿನ್ ಅಂದ್ರೆ ಜಾಸ್ತಿ ಜನ ನಾಲ್ಕನೇ ಆಲ್ಬಂ ಹತ್ರಾನೇ ನಿಂತುಬಿಡುತ್ತಾರೆ. 1976ರ ‘ಪ್ರೆಸೆನ್ಸ್’ ಬಗ್ಗೆ ಹಳೇ ಅಭಿಮಾನಿಗಳೂ ಅಷ್ಟಾಗಿ ಮಾತಾಡುತ್ತಿರಲಿಲ್ಲ. ಈಗ ಅದನ್ನೇ ಮತ್ತೆ ಮತ್ತೆ ಕೇಳಿ ಮೆಚ್ಚುವವರು ಸಿಗುತ್ತಿದ್ದಾರೆ, ನನಗಂತೂ ತುಂಬಾ ಖುಷಿ.

ಅದು ಹುಟ್ಟಿದ್ದೇ ಕಷ್ಟದಲ್ಲಿ. 1975ರ ಆಗಸ್ಟ್‌ನಲ್ಲಿ ಗ್ರೀಸ್‌ನ ರೋಡ್ಸ್ ದ್ವೀಪದಲ್ಲಿ ಕಾರು ಅಪಘಾತವಾಗಿ ಬ್ಯಾಂಡ್‌ನ ಗಾಯಕ ರಾಬರ್ಟ್ ಪ್ಲಾಂಟ್ ಕಾಲಿಗೆ ಜೋರು ಪೆಟ್ಟಾಗಿತ್ತು. ನವೆಂಬರ್‌ನಲ್ಲಿ ಮ್ಯೂನಿಕ್‌ನ ಸ್ಟುಡಿಯೋದಲ್ಲಿ ವೀಲ್‌ಚೇರ್ ಮೇಲೆ ಕೂತೇ ಹಾಡಿದರು. ಇವರ ಬೆನ್ನಿಗೇ ರೋಲಿಂಗ್ ಸ್ಟೋನ್ಸ್ ಬ್ಯಾಂಡ್‌ನವರು ಅಲ್ಲಿಗೆ ಬರುವವರಿದ್ದರು, ಹಾಗಾಗಿ ಮೂರು ವಾರದೊಳಗೆ ಎಲ್ಲ ಮುಗಿಸಬೇಕಾಯಿತು, ಗಿಟಾರಿಸ್ಟ್ ಜಿಮ್ಮಿ ಪೇಜ್ ನಿದ್ದೆಗೆಟ್ಟು ಗಿಟಾರ್ ಮೇಲೆ ಗಿಟಾರ್ ಸೇರಿಸುತ್ತಾ ಕೂತರು.

ಆ ಅವಸರ ಹಾಡುಗಳಲ್ಲಿ ಕೇಳಿಸುತ್ತದೆ. ಕೀಬೋರ್ಡ್ ಇಲ್ಲ, ಅಲಂಕಾರ ಇಲ್ಲ. ‘ಅಕಿಲೀಸ್ ಲಾಸ್ಟ್ ಸ್ಟ್ಯಾಂಡ್’ ಹತ್ತು ನಿಮಿಷಕ್ಕೂ ಜಾಸ್ತಿ ಓಡುತ್ತದೆ, ಡ್ರಮ್ಮರ್ ಜಾನ್ ಬೋನಮ್ ಬಾರಿಸುವುದು ಕುದುರೆ ಓಟದ ಹಾಗೆ, ಎಲ್ಲೂ ಸುಸ್ತಾಗುವುದಿಲ್ಲ.

ಆದ್ರೆ ನನ್ನ ಮನಸ್ಸು ನಿಲ್ಲುವುದು ಕೊನೆಯ ಹಾಡು ‘ಟೀ ಫಾರ್ ಒನ್’ ಹತ್ರ. ಶುರುವಿನಲ್ಲಿ ಚುರುಕಾದ ಒಂದು ರಿಫ್ (ಮತ್ತೆ ಮತ್ತೆ ನುಡಿಸುವ ಗಿಟಾರ್ ತುಣುಕು) ಬರುತ್ತದೆ, ಇನ್ನೇನು ಜೋರಾಗುತ್ತೆ ಅನ್ನುವಷ್ಟರಲ್ಲಿ ಅದು ಕುಸಿದು ನಿಧಾನದ ಬ್ಲೂಸ್ ಆಗುತ್ತದೆ, ಆಮೇಲೆ ಆ ಒಂಟಿತನ ಮುಗಿಯುವುದೇ ಇಲ್ಲ. ನೋವಿನಲ್ಲಿರುವ ಮನುಷ್ಯ ಹಾಡುವುದು ಹೀಗೇ ಅಲ್ವಾ?

ಇದೇ ಆಲ್ಬಂನ ‘ರಾಯಲ್ ಆರ್ಲಿಯನ್ಸ್’ ಹಾಡು ಮಾತ್ರ ನನಗೆ ಈಗಲೂ ಅಷ್ಟಕ್ಕಷ್ಟೇ. ಮಿಕ್ಕಿದ್ದನ್ನೆಲ್ಲ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಆಮೇಲೆ ಹೇಳಿ.