ಗ್ರಬ್ ತೆಗೆಯುವಾಗ ಪಾರ್ಟಿಷನ್‌ಗೆ ಮೊದಲೇ ಕೈಹಾಕಬೇಡಿ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲೂ ಐಟಿ ಪಾಠ ನಡೆಯುವುದು ಕೈಟ್‌ನ (ಕೇರಳ ಸರ್ಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ) ಉಬುಂಟು ಎಂಬ ಲಿನಕ್ಸ್‌ನಲ್ಲೇ. ಅದಕ್ಕೇ ಇಲ್ಲಿ ಮಕ್ಕಳಿರುವ ಎಷ್ಟೋ ಮನೆಯ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಜೊತೆ ಅದೂ ಇರುತ್ತದೆ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಅದನ್ನು ಯಾರೂ ತೆರೆಯುವುದಿಲ್ಲ (ಬಿಟ್ಟುಬಿಡುವುದು ನನಗೇನೂ ಇಷ್ಟವಲ್ಲ, ಆ ಮಾತು ಬೇರೆ). ಯಾವುದನ್ನು ತೆರೆಯಬೇಕೆಂದು ಶುರುವಿನಲ್ಲೇ ಕೇಳುವ ಗ್ರಬ್ ಮೆನು ಮಾತ್ರ ಪ್ರತಿಸಲ 10 ಸೆಕೆಂಡು ಕಾಯಿಸಿ, ಯಾರೂ ಕೀ ಒತ್ತದಿದ್ದರೆ ಉಬುಂಟುವಿಗೇ ಹೋಗುತ್ತದೆ.

ಅದನ್ನು ತೆಗೆಯಲು ಹೆಚ್ಚಿನವರು ಮಾಡುವ ತಪ್ಪು ಒಂದೇ: ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಲಿನಕ್ಸ್ ಪಾರ್ಟಿಷನ್ (ಡಿಸ್ಕಿನಲ್ಲಿ ಉಬುಂಟು ಇರುವ ಭಾಗ) ಅಳಿಸುವುದು. ಗ್ರಬ್‌ನ ಮೊದಲ ತುಂಡು ಬೇರೆ ಕಡೆ ಇರುತ್ತದೆ, ಮೆನುವಿನ ಫೈಲು ಆ ಪಾರ್ಟಿಷನ್‌ನಲ್ಲಿರುತ್ತದೆ. ಅದನ್ನು ಹುಡುಕಿ ಸಿಗದೆ ಕಪ್ಪು ಪರದೆಯಲ್ಲಿ 'ಗ್ರಬ್>' ಅಂತ ನಿಂತುಬಿಡುತ್ತದೆ. ವಿಂಡೋಸ್‌ಗೆ ಏನೂ ಆಗಿರುವುದಿಲ್ಲ, ಗಾಬರಿ ಬೇಡ.

ವಿಂಡೋಸ್‌ನಲ್ಲಿ ಎಂಎಸ್ಇನ್ಫೋ32 ತೆರೆದು ಬಯಾಸ್ ಮೋಡ್ (ಯಂತ್ರ ಬೂಟ್ ಆಗುವ ರೀತಿ) ನೋಡಿ. ಹೊಸ ರೀತಿ ಯುಇಎಫ್ಐ, ಹಳೇದು ಲೆಗಸಿ. ಯುಇಎಫ್ಐ ಇದ್ದರೆ ಮೊದಲು ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಚಾಲೂ ಇದೆಯೇ ಅಂತ ವಿಚಾರಿಸಿ. ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಂಡು ಅದನ್ನು ಸಸ್ಪೆಂಡ್ ಮಾಡಿ. ಬೂಟ್ ಕ್ರಮ ಬದಲಾದರೆ ಅದು ಕೀ ಕೇಳಬಹುದು. ಆಮೇಲೆ ಬಯಾಸ್ ಸೆಟಪ್‌ನಲ್ಲಿ (ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10) ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತನ್ನಿ. ಕೆಲವರಿಗೆ ಇಷ್ಟೇ ಸಾಕು.

ಬೇರುಸಹಿತ ಕೀಳಬೇಕಿದ್ದರೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು 'ಬಿಸಿಡಿಎಡಿಟ್ /ಎನಮ್ ಫರ್ಮ್‌ವೇರ್' ಕೊಡಿ. ಉಬುಂಟು ಹೆಸರಿನ ಸಾಲಿನ ಹತ್ತಿರವಿರುವ ಐಡೆಂಟಿಫೈಯರನ್ನು, ಅದರ ಸುರುಳಿ ಆವರಣದ ಸಮೇತ, 'ಬಿಸಿಡಿಎಡಿಟ್ /ಡಿಲೀಟ್' ಮುಂದೆ ಕೊಡಿ. ಪವರ್‌ಶೆಲ್‌ನಲ್ಲಾದರೆ ಆ ಸುರುಳಿ ಆವರಣಕ್ಕೆ ಉದ್ಧರಣ ಚಿಹ್ನೆ ಹಾಕದೆ ನಡೆಯುವುದಿಲ್ಲ. ನಂತರ 'ಮೌಂಟ್‌ವಾಲ್ ಎಸ್: /ಎಸ್' ಕೊಟ್ಟರೆ ಬೂಟ್ ಫೈಲುಗಳ ಗುಪ್ತ ಪಾರ್ಟಿಷನ್ ಎಸ್ ಡ್ರೈವಾಗಿ ಸಿಗುತ್ತದೆ; ಅದರ ಇಎಫ್ಐ ಫೋಲ್ಡರಿನೊಳಗಿನ ಉಬುಂಟು ಫೋಲ್ಡರನ್ನು ಮಾತ್ರ ಅಳಿಸಿ. ಪಕ್ಕದ ಮೈಕ್ರೋಸಾಫ್ಟ್, ಬೂಟ್ ಫೋಲ್ಡರುಗಳನ್ನು ಮುಟ್ಟಬೇಡಿ. ಮೈಕ್ರೋಸಾಫ್ಟ್ ಹೋದರೆ ವಿಂಡೋಸೇ ಏಳುವುದಿಲ್ಲ.

ಲೆಗಸಿ ಬಯಾಸಿನ ಹಳೇ ಯಂತ್ರದಲ್ಲಿ ಗ್ರಬ್‌ನ ಮೊದಲ ತುಂಡು ಕೂತಿರುವುದು ಡಿಸ್ಕಿನ ಮೊದಲ 512 ಬೈಟಿನ ಸೆಕ್ಟರಿನಲ್ಲಿ. ವಿಂಡೋಸ್ ಇನ್‌ಸ್ಟಾಲ್ ಮಾಡುವ ಯುಎಸ್‌ಬಿಯಿಂದ ಬೂಟ್ ಮಾಡಿ, ರಿಪೇರ್ ಒಳಗಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಬೂಟ್‌ರೆಕ್ /ಫಿಕ್ಸ್‌ಎಂಬಿಆರ್' ಕೊಡಿ. ಪಾರ್ಟಿಷನ್ ಪಟ್ಟಿಯನ್ನು ಅದು ಮುಟ್ಟುವುದಿಲ್ಲ.

ಎರಡು ಸಲ ಆಫ್ ಮಾಡಿ ಆನ್ ಮಾಡಿ. ನೇರ ವಿಂಡೋಸ್ ಬಂದರೆ ಮಾತ್ರ ಲಿನಕ್ಸ್ ಪಾರ್ಟಿಷನ್ ಅಳಿಸಿ. ಖಾಲಿ ಜಾಗ ಸಿ ಡ್ರೈವಿನ ಬಲಕ್ಕೆ ತಾಗಿಕೊಂಡಿದ್ದರೆ ಮಾತ್ರ ಅದನ್ನು ಸಿ ಡ್ರೈವಿಗೆ ಸೇರಿಸಲು (ಎಕ್ಸ್‌ಟೆಂಡ್) ಆಗುತ್ತದೆ. ನಡುವೆ ರಿಕವರಿ ಪಾರ್ಟಿಷನ್ ಇದ್ದರೆ ಆ ಜಾಗದಲ್ಲಿ ಹೊಸ ಡ್ರೈವ್ ಮಾಡಿಕೊಳ್ಳುವುದೇ ಸುಲಭ.

ಅಂಗಡಿಯ ಡೆಸ್ಕ್‌ಟಾಪಿಗೆ ಇನ್ನೊಂದು ಕೆಲಸ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ ತಾನಾಗಿ ಏಳಬೇಕಿದ್ದರೆ, ಬಯಾಸಿನಲ್ಲಿ ಎಸಿ ಪವರ್ ಲಾಸ್ ಆಯ್ಕೆಯನ್ನು 'ಪವರ್ ಆನ್' ಮಾಡಿಡಿ.